ಬಣ್ಣದ ಅಡಿಯಲ್ಲಿ ಹುಟ್ಟುವ ಸಾಬೂನು

ಬೆಂಗಳೂರಿನ ಸುಂಕದಕಟ್ಟೆಯ ಯಾವ ಓಣಿಯಲ್ಲಿ ತಲೆ ಎತ್ತಿದರೂ ಜಿಐ ಶೀಟು ಕಾಣುತ್ತದೆ. ಟೆರೇಸಿನ ಸೂರು, ವರ್ಕ್‌ಶಾಪಿನ ಮರೆ, ಮಳೆನೀರಿನ ದೋಣಿ, ಎಲ್ಲವೂ ಅದರದ್ದೇ. ಬಣ್ಣ ಬಳಿದಿರುವ ಎಷ್ಟೋ ಶೀಟುಗಳಲ್ಲಿ ಬಣ್ಣ ಚಕ್ಕೆಯೆದ್ದಿರುತ್ತದೆ. ನಮ್ಮ ಟೆರೇಸಿನ ಸೂರೂ ಎರಡನೇ ಮಳೆಗಾಲಕ್ಕೇ ಹಾಗಾಯಿತು. ಉಗುರಿನಿಂದ ಒಂದು ಅಂಚು ಎಬ್ಬಿಸಿದೆ. ಅಂಗೈ ಅಗಲದ ಹಸಿರು ಪದರ ಹಪ್ಪಳದಂತೆ ಕೈಗೆ ಬಂತು. ಕೆಳಗೆ ಬೂದು ಬಣ್ಣದ ತಗಡು ಹಾಗೇ ಇತ್ತು, ತುಕ್ಕಿನ ಸುಳಿವೇ ಇಲ್ಲ. ತುಕ್ಕು ಹಿಡಿಯದೆ ಬಣ್ಣ ಬಿಟ್ಟಿದ್ದೇಕೆ?

ಜಿಐ ಎಂದರೆ ಸತುವಿನ ಹೊದಿಕೆ ಇರುವ ಉಕ್ಕು. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಉಕ್ಕನ್ನು ಅದ್ದಿ ತೆಗೆಯುವ ಈ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ. ಗೀರು ಬಿದ್ದಲ್ಲಿ ಸತುವು ತಾನು ಸವೆದು ಉಕ್ಕನ್ನು ಕಾಯುತ್ತದೆ.

ತೊಡಕು ಇರುವುದೂ ಆ ಸತುವಿನಲ್ಲೇ. ನಾವು ಸಾಮಾನ್ಯವಾಗಿ ಬಳಿಯುವ ರೆಡ್ ಆಕ್ಸೈಡ್ ಪ್ರೈಮರ್, ಎನಾಮೆಲ್ ಎರಡೂ ಆಲ್ಕಿಡ್ ಬಣ್ಣಗಳು. ಅವುಗಳ ಅಂಟಿನಲ್ಲಿ ಸಸ್ಯಜನ್ಯ ಎಣ್ಣೆಯ ಕೊಬ್ಬಿನಾಮ್ಲಗಳಿರುತ್ತವೆ. ಬಣ್ಣದ ಪದರದೊಳಕ್ಕೆ ತೇವ ನಿಧಾನವಾಗಿ ಇಳಿದಾಗ ಸತುವಿನ ಮೈ ಕ್ಷಾರೀಯವಾಗುತ್ತದೆ. ಕ್ಷಾರ ಎಣ್ಣೆಯ ಅಂಟನ್ನು ಒಡೆಯುತ್ತದೆ, ಬಿಡಿಯಾದ ಆಮ್ಲ ಸತುವಿನೊಂದಿಗೆ ಸೇರಿ ಸಾಬೂನಾಗುತ್ತದೆ. ನಮ್ಮ ಯಶವಂತಪುರದ ಬಳಿಯ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಲ್ಲಿ ಎಣ್ಣೆಗೆ ಕ್ಷಾರ ಬೆರೆಸಿದಾಗ ನಡೆಯುವುದೂ ಇದೇ ಬಗೆಯ ಕ್ರಿಯೆ. ಬಣ್ಣಕ್ಕೂ ತಗಡಿಗೂ ನಡುವೆ ಈ ಸಾಬೂನಿನ ತೆಳುಪದರ ಕೂತಮೇಲೆ ಹಿಡಿತ ಎಲ್ಲಿಂದ ಬರಬೇಕು? ಪೇಂಟರ್‌ಗಳ ಕೈಗುಣ ಸರಿಯಿಲ್ಲ ಎಂದು ದೂರುವುದು ಅನ್ಯಾಯ. ಅವರು ಕಬ್ಬಿಣದ ಗೇಟಿಗೆ ಬಳಿದ ಅದೇ ಪ್ರೈಮರ್ ವರ್ಷಗಟ್ಟಲೆ ನಿಲ್ಲುತ್ತದೆ.

ಹೊಸ ಶೀಟಿಗೆ ಇನ್ನೊಂದು ತೊಂದರೆಯಿದೆ. ಮೈ ನುಣುಪು, ಮೇಲೆ ಎಣ್ಣೆಯ ಅಥವಾ ರಾಸಾಯನಿಕದ ರಕ್ಷಣಾಲೇಪ ಇರುತ್ತದೆ. ಒದ್ದೆಯಾಗಿ ಒಂದರ ಮೇಲೊಂದು ಪೇರಿಸಿಟ್ಟಿದ್ದರೆ ಬಿಳಿಪುಡಿಯೂ ಕೂತಿರುತ್ತದೆ. ಬಿಸಿಲು, ಮಳೆಗೆ ಒಂದೆರಡು ವರ್ಷ ತೆರೆದಿಟ್ಟರೆ ಸತುವಿನ ಕಾರ್ಬೊನೇಟ್ ಪದರ ಗಟ್ಟಿಯಾಗಿ ಕೂತು ಮೈ ಒರಟಾಗುತ್ತದೆ. ಹಳೇ ಶೀಟಿಗೆ ಬಣ್ಣ ಚೆನ್ನಾಗಿ ಹಿಡಿಯುವುದು ಅದಕ್ಕೇ.

ಕಾಯಲಾಗದವರು ಮೊದಲು ಜಿಡ್ಡು ತೊಳೆಯಬೇಕು. ಬಿಳಿಪುಡಿಯನ್ನು ನೈಲಾನ್ ಬ್ರಷ್‌ನಿಂದ ಉಜ್ಜಿ, ನೀರು ಹಾಕಿ, ಪೂರ್ತಿ ಒಣಗಿಸಬೇಕು. ಆಮೇಲೆ ನಯವಾದ ಉಪ್ಪುಕಾಗದವನ್ನು ಹಗುರವಾಗಿ ಆಡಿಸಿದರೆ ಸಾಕು. ಗ್ರೈಂಡರ್ ಮಾತ್ರ ಬೇಡ. ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಸತುವಿರುವ ಶೀಟಿನಲ್ಲಿ ಒಂದು ಬದಿಯ ಪದರ 8 ಮೈಕ್ರಾನ್ ಚಿಲ್ಲರೆ, ಮಿಲಿಮೀಟರಿನ ನೂರನೇ ಒಂದು ಪಾಲೂ ಇಲ್ಲ. ಅದು ಉಜ್ಜಿಹೋದರೆ ಕೊಟ್ಟ ದುಡ್ಡೆಲ್ಲ ಹೋದಂತೆ.

ಪ್ರೈಮರ್ ಕೊಳ್ಳುವಾಗ ಡಬ್ಬಿಯ ಮೇಲೆ ಜಿಐಗೆ ಎಂದು ಬರೆದಿದೆಯೇ ನೋಡಿ. ಎಚ್ (etch) ಪ್ರೈಮರ್‌ನಲ್ಲಿರುವ ಫಾಸ್ಫಾರಿಕ್ ಆಮ್ಲ ಸತುವಿನ ಮೈಯನ್ನು ಕೊಂಚ ಕೊರೆದು ಹಿಡಿತ ಕೊಡುತ್ತದೆ. ಅದನ್ನು ತೆಳುವಾಗಿಯೇ ಬಳಿಯಬೇಕು. ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್‌ನಲ್ಲಿ ಸಾಬೂನಾಗುವ ಎಣ್ಣೆಯೇ ಇಲ್ಲ. ಬೆಲೆ ಹೆಚ್ಚಾದರೂ ಸೂರಿಗೆ ನನ್ನ ಆಯ್ಕೆ ಅದೇ. ಸರಿಯಾಗಿ ಹಿಡಿದ ಬಣ್ಣ ಸತುವನ್ನು ಕಾಯುತ್ತದೆ, ಸತುವು ಉಕ್ಕನ್ನು. ಎರಡರ ಜಂಟಿ ಆಯಸ್ಸು ಬಿಡಿಬಿಡಿ ಆಯಸ್ಸಿನ ಮೊತ್ತಕ್ಕಿಂತ ಹೆಚ್ಚು.

ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತುವು ಸುಟ್ಟುಹೋಗಿರುತ್ತದೆ. ಪ್ರೈಮರಿಗೆ ಮೊದಲು ಅಲ್ಲಿಗೆ ಸತುವಿನ ಪುಡಿ ತುಂಬಿದ ಜಿಂಕ್ ರಿಚ್ ಪೇಂಟ್ ಬಳಿಯಿರಿ.