ಎಮ್ಮೆಯ ತೇಗು, ಸಂಸತ್ತಿನ ಲೆಕ್ಕ

ಎಮ್ಮೆ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತ ಆಗಾಗ ತೇಗುತ್ತದೆ. ಆ ತೇಗಿನ ಬಗ್ಗೆ ದೆಹಲಿಯ ಸಂಸತ್ತಿನಲ್ಲಿ ಪ್ರಶ್ನೆ ಕೇಳಿದ್ದಾರೆ, ಸರ್ಕಾರ ಲಿಖಿತ ಉತ್ತರ ಕೊಟ್ಟಿದೆ ಎಂದರೆ ನಂಬುವುದು ಕಷ್ಟ. ಆದರೆ ನಿಜ. ಅಷ್ಟೂರ, ಭಾಲ್ಕಿ, ಔರಾದ್ ಕಡೆಯ ನಮ್ಮ ಹಾಲು ಉತ್ಪಾದಕ ತಾಯಂದಿರು ಆ ಮಾತು ಏನೆಂದು ತಿಳಿದಿರಬೇಕು. ಅದು ನಮ್ಮ ಕ್ಯಾನಿನ ಹಾಲಿಗೆ ಸಂಬಂಧಿಸಿದ್ದು.

ತೇಗಿನಲ್ಲಿ ಏನಿದೆ?

ಆಕಳು, ಎಮ್ಮೆ, ಆಡು, ಕುರಿಗಳ ಹೊಟ್ಟೆಯ ಮೊದಲ ಚೀಲದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ಮನುಷ್ಯರಿಗೆ ಜೀರ್ಣವಾಗದ ಕಣಕಿ, ಹೊಟ್ಟನ್ನು ಕರಗಿಸಿ ಹಾಲಾಗುವಂತೆ ಮಾಡುವುದು ಅವೇ. ಆ ಕೆಲಸದಲ್ಲಿ ಮಿಥೇನ್ ಎಂಬ ಅನಿಲ ಹುಟ್ಟಿ ತೇಗಿನಲ್ಲಿ ಹೊರಬರುತ್ತದೆ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ ಅನಿಲ. ಗಾಳಿಗೆ ಸೇರಿದರೆ ಇದು ಭೂಮಿಯ ಕಾವು ಹೆಚ್ಚಿಸುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು. ಭಾರತ ವಿಶ್ವಸಂಸ್ಥೆಗೆ ಸಲ್ಲಿಸಿದ 2016ರ ಲೆಕ್ಕದಂತೆ ದೇಶದ ಮಿಥೇನ್‌ನಲ್ಲಿ ನೂರಕ್ಕೆ ಸುಮಾರು 74 ಪಾಲು ಬರುವುದು ಬೇಸಾಯ, ಪಶುಪಾಲನೆಯಿಂದ.

ಸರ್ಕಾರ ಏನು ಹೇಳಿತು?

2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ನಗರದಲ್ಲಿ ಜಗತ್ತಿನ ರಾಷ್ಟ್ರಗಳು ಹವಾಮಾನ ಸಮ್ಮೇಳನಕ್ಕೆ ಸೇರಿದ್ದವು. 2030ರೊಳಗೆ ಮಿಥೇನ್ ಅನ್ನು ನೂರಕ್ಕೆ 30ರಷ್ಟು ತಗ್ಗಿಸುತ್ತೇವೆ ಎಂದು ನೂರಕ್ಕೂ ಹೆಚ್ಚು ದೇಶಗಳು ಪ್ರತಿಜ್ಞೆ ಮಾಡಿದವು. ಭಾರತ ಅದಕ್ಕೆ ಸಹಿ ಹಾಕಲಿಲ್ಲ. ಏಕೆ ಎಂಬ ಪ್ರಶ್ನೆ ಸಂಸತ್ತಿನಲ್ಲಿ ಬಂದಾಗ ಪರಿಸರ ಸಚಿವಾಲಯ 2023ರಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ನಮ್ಮ ದೇಶದ ಮಿಥೇನ್ ಮುಖ್ಯವಾಗಿ ಜಾನುವಾರುಗಳಿಂದ ಮತ್ತು ಭತ್ತದ ಗದ್ದೆಗಳಿಂದ ಬರುತ್ತದೆ, ಅದರ ಹಿಂದೆ ಇರುವವರು ಸಣ್ಣ, ಅತಿ ಸಣ್ಣ ರೈತರು, ಇದು ಐಷಾರಾಮದ ಹೊಗೆಯಲ್ಲ, ಬದುಕಿಗಾಗಿ ಆಗುವ ಹೊರಸೂಸುವಿಕೆ.

ಹೀಗಾಗಿ ಹೊಟ್ಟೆಪಾಡಿಗೆ ಎರಡು ಎಮ್ಮೆ ಕಟ್ಟಿದವರ ಮೇಲೆ ತೇಗಿನ ಹೆಸರಿನಲ್ಲಿ ಇಂದು ನಮ್ಮ ದೇಶದಲ್ಲಿ ಯಾವ ತೆರಿಗೆಯೂ ಇಲ್ಲ. ಬೇರೆ ಕಡೆ ಹಾಗಿಲ್ಲ. ಡೆನ್ಮಾರ್ಕ್ 2030ರಿಂದ ಜಾನುವಾರುಗಳ ಹೊರಸೂಸುವಿಕೆಗೆ ತೆರಿಗೆ ಹಾಕುವುದಾಗಿ 2024ರಲ್ಲಿ ತೀರ್ಮಾನಿಸಿತು. ನ್ಯೂಜಿಲೆಂಡ್ 2022ರಲ್ಲಿ ಇಂಥದ್ದೇ ಶುಲ್ಕದ ಪ್ರಸ್ತಾಪ ಮಾಡಿತ್ತು. ರೈತರು ಟ್ರ್ಯಾಕ್ಟರ್ ಹತ್ತಿ ಬೀದಿಗಿಳಿದರು. 2024ರಲ್ಲಿ ಅಲ್ಲಿನ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು.

ದೇಶದ ಮಾತು: ಲೀಟರಿಗೆ ಎಷ್ಟು?

ಭಾರತ ಕೊಟ್ಟ ಮಾತು ಬೇರೆ ತರಹದ್ದು. 2070ಕ್ಕೆ ನಿವ್ವಳ ಶೂನ್ಯ, ಅಂದರೆ ಬಿಟ್ಟಷ್ಟನ್ನು ಹೀರಿಕೊಳ್ಳುವ ಹಂತ ಮುಟ್ಟುವುದು. ಅದಕ್ಕೂ ಮೊದಲು, 2030ರೊಳಗೆ, ದೇಶ ಗಳಿಸುವ ಪ್ರತಿ ರೂಪಾಯಿಯ ಹಿಂದೆ ಹೊರಹೋಗುವ ಅನಿಲವನ್ನು 2005ಕ್ಕೆ ಹೋಲಿಸಿದರೆ ನೂರಕ್ಕೆ 45ರಷ್ಟು ತಗ್ಗಿಸುವುದು. ಇದು ನಮ್ಮ ತಾಯಂದಿರಿಗೆ ಹೊಸ ಲೆಕ್ಕವಲ್ಲ. ಒಂದು ಲೀಟರ್ ಹಾಲಿಗೆ ಎಷ್ಟು ಹಿಂಡಿ ಖರ್ಚಾಯಿತು ಎಂದು ನೀವು ಕೇಳುವ ಹಾಗೆಯೇ ಇದು. ದನ ಕಡಿಮೆ ಮಾಡು ಎಂದು ಇಲ್ಲಿ ಹೇಳಿಲ್ಲ.

ಕಾನೂನು ಇದೆಯೇ?

2021ರ ಡಿಸೆಂಬರ್‌ನಲ್ಲಿ ಲೋಕಸಭೆ ಹವಾಮಾನ ಬದಲಾವಣೆ ಕುರಿತು ಚರ್ಚೆ ನಡೆಸಿತು. 2022ರಲ್ಲಿ ಇಂಧನ ಸಂರಕ್ಷಣೆ ತಿದ್ದುಪಡಿ ಮಸೂದೆಗೆ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಅದರಿಂದ ಕಾರ್ಬನ್ ಕ್ರೆಡಿಟ್ ವ್ಯಾಪಾರಕ್ಕೆ ದಾರಿಯಾಯಿತು: ನಿಗದಿಗಿಂತ ಕಡಿಮೆ ಅನಿಲ ಬಿಟ್ಟ ಕಾರ್ಖಾನೆಗೆ ಪ್ರಮಾಣಪತ್ರ ಸಿಗುತ್ತದೆ, ಹೆಚ್ಚು ಬಿಟ್ಟ ಕಾರ್ಖಾನೆ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಆದರೆ ಹವಾಮಾನ ಬದಲಾವಣೆಗೆಂದೇ ಒಂದು ಸಮಗ್ರ ಕಾನೂನು ನಮ್ಮ ದೇಶದಲ್ಲಿ ಇಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಹೆಬ್ಬಕ ಹಕ್ಕಿಯ ರಕ್ಷಣೆಯ ಪ್ರಕರಣದಲ್ಲಿ ಈ ಕೊರತೆಯನ್ನು ಗುರುತಿಸಿತು. ಹವಾಮಾನ ಬದಲಾವಣೆಯ ಕೆಡುಕಿನಿಂದ ಮುಕ್ತರಾಗಿರುವುದು ಜನರ ಹಕ್ಕು ಎಂದೂ ಹೇಳಿತು.

ನಮಗೆ ಮುಖ್ಯವಾದದ್ದು ಇಲ್ಲಿದೆ. ಇಂಥ ಕಾನೂನು ಮುಂದೆ ಬಂದರೆ ಅದು ಅನಿಲ ಎಷ್ಟು ತಗ್ಗಿಸಬೇಕು ಎಂಬುದಕ್ಕೆ ನಿಲ್ಲಬಾರದು. ಕಾವಿನಿಂದ ನೊಂದವರಿಗೆ ಏನು ಸಿಗಬೇಕು ಎಂಬುದೂ ಅದರಲ್ಲಿರಬೇಕು. ಎಮ್ಮೆಯ ಚರ್ಮ ಕಪ್ಪು, ಬೆವರಿನ ಗ್ರಂಥಿಗಳು ಕಡಿಮೆ. ಬೀದರ್‌ನ ಬೇಸಿಗೆಯಲ್ಲಿ ನೆರಳು, ನೀರು ಸಾಲದಿದ್ದರೆ ಅದು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆ ತಿಳಿಯದೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಜೋಳದ ಕಣಕಿಯೂ ಇಲ್ಲ, ತೊಗರಿ ಹೊಟ್ಟೂ ಇಲ್ಲ. ಆಗ ದೂರದಿಂದ ನೀರು ಹೊರುವವರು, ಮೇವು ಹುಡುಕುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ. ಮೇವು ಬ್ಯಾಂಕ್, ಕುಡಿಯುವ ನೀರಿನ ತೊಟ್ಟಿ, ಜಾನುವಾರು ವಿಮೆ ಇವೂ ಹವಾಮಾನದ ವಿಷಯವೇ. ಗ್ರಾಮಸಭೆಯಲ್ಲಿ, ಮತ ಕೇಳಲು ಬಂದವರ ಮುಂದೆ ಇದನ್ನು ಕೇಳುವುದು ನಮ್ಮ ಹಕ್ಕು.

ಕೊಟ್ಟಿಗೆಯಲ್ಲಿ ಏನು ಮಾಡಬಹುದು?

ಮಿಥೇನ್ ಎಂದರೆ ಹಾಲಾಗದೆ ಹೋದ ಮೇವು. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲು ಹೀಗೆ ತೇಗಿನಲ್ಲಿ ಹೋಗುತ್ತದೆ. ಬರೀ ಒಣ ಕಣಕಿ ತಿಂದರೆ ನಷ್ಟ ಹೆಚ್ಚು. ಅದನ್ನು ತಗ್ಗಿಸುವ ದಾರಿಗಳು ನಮ್ಮ ಆದಾಯವನ್ನೂ ಹೆಚ್ಚಿಸುತ್ತವೆ.

• ಕಣಕಿಯನ್ನು ಕತ್ತರಿಸಿ ಹಾಕಿ. ಜೊತೆಗೆ ಅಲಸಂದಿ, ಕುದುರೆ ಮೆಂತ್ಯದಂಥ ಹಸಿ ಮೇವು ಸೇರಿಸಿ.

• ಹಾಲಿನ ಪ್ರಮಾಣಕ್ಕೆ ತಕ್ಕಂತೆ ಪಶು ಆಹಾರ, ದಿನವೂ ಖನಿಜ ಮಿಶ್ರಣ ಕೊಡಿ.

• ಗೊಡ್ಡು ಎಮ್ಮೆಯೂ ತೇಗುತ್ತದೆ, ಹಾಲು ಮಾತ್ರ ಕೊಡುವುದಿಲ್ಲ. ಬೆದೆ ಗಮನಿಸಿ ಸಕಾಲಕ್ಕೆ ಗಬ್ಬ ಕಟ್ಟಿಸಿದರೆ ಲೀಟರಿನ ಲೆಕ್ಕದಲ್ಲಿ ಮಿಥೇನ್ ಇಳಿಯುತ್ತದೆ.

• ಗೋಬರ್ ಗ್ಯಾಸ್ ಹಾಕಿಸಿದರೆ ಸೆಗಣಿಯ ಮಿಥೇನ್ ಒಲೆಗೆ ಬರುತ್ತದೆ. ಗುಜರಾತಿನ ಆನಂದ್ ಜಿಲ್ಲೆಯ ಝಕರಿಯಾಪುರದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ನೆರವಿನಿಂದ ಮಹಿಳೆಯರು ಅದರ ಸ್ಲರಿ ಮಾರಿಯೂ ಗಳಿಸುತ್ತಿದ್ದಾರೆ.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯ ವಿಜ್ಞಾನಿಗಳು 'ಹರಿತ್ ಧಾರಾ' ಎಂಬ ಪೂರಕ ಆಹಾರ ಸಿದ್ಧಪಡಿಸಿದ್ದಾರೆ. ಒಗರಿನ ಅಂಶವಿರುವ ಗಿಡಗಳಿಂದ ಮಾಡಿದ ಇದು ಮಿಥೇನ್ ಅನ್ನು ನೂರಕ್ಕೆ 17ರಿಂದ 20ರಷ್ಟು ತಗ್ಗಿಸುತ್ತದೆ ಎಂದು ಸಂಸ್ಥೆ ಹೇಳುತ್ತದೆ. ಇಂಥದ್ದನ್ನು ಪಶುವೈದ್ಯರನ್ನು ಕೇಳಿಯೇ ಕೊಡಬೇಕು.

ಸಹಿ ಹಾಕುವ ಮುನ್ನ

ಕಾರ್ಬನ್ ಕ್ರೆಡಿಟ್ ಹೆಸರಿನಲ್ಲಿ ಯಾರಾದರೂ ಮನೆಗೆ ಬಂದು ಹೆಬ್ಬೆಟ್ಟು, ಆಧಾರ್ ಕೇಳಿದರೆ ಅವಸರ ಬೇಡ. ಕ್ರೆಡಿಟ್ ಯಾರ ಹೆಸರಿಗೆ, ಎಷ್ಟು ವರ್ಷದ ಕರಾರು, ಮಾರಿದ ಹಣದಲ್ಲಿ ನಮ್ಮ ಪಾಲೆಷ್ಟು, ಎಂದು ಕೈಗೆ ಬರುತ್ತದೆ, ಎಮ್ಮೆ ಮಾರಿದರೆ ಏನಾಗುತ್ತದೆ ಎಂಬ ಐದು ಪ್ರಶ್ನೆ ಕೇಳಿ. ಉತ್ತರವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಆ ಕಾಗದವನ್ನು ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಓದಿಸಿದ ಮೇಲೆ ತೀರ್ಮಾನ ಮಾಡಿ.