ತಗಡಿನ ಶೆಡ್ಡಿನ ಫಿಯೆಟ್

ರಾಜಾಜಿನಗರದ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅಪ್ಪನ ಫಿಯೆಟ್ 1100 ಕಾರು ನಿಂತು 22 ವರ್ಷವಾಗಿತ್ತು. ಮೇಲೆ ಹಳೆಯ ಹಾಸಿಗೆ, ಸೀಟಿನೊಳಗೆ ಇಲಿಯ ಸಂಸಾರ. ಕಳೆದ ವರ್ಷ ಮನೆ ಕೆಡವಿ ಹೊಸದಾಗಿ ಕಟ್ಟಿಸುವ ಮಾತು ಬಂತು. "ಕಾರನ್ನ ಗುಜರಿಗೆ ಹಾಕೋಣ ಅಪ್ಪ" ಎಂದ ಮಗ. "ಮೂರು ತಿಂಗಳು ತಾಳು. ಅದು ತಾನಾಗಿ ಹೊರಗೆ ಬರದಿದ್ದರೆ ನಿನ್ನಿಷ್ಟ" ಎಂದುಬಿಟ್ಟೆ. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ಸ್ಪ್ಯಾನರ್ ಹಿಡಿದವನಲ್ಲ!

ಏಳನೇ ಕ್ಲಾಸಿನ ಮೊಮ್ಮಗಳು ಜೊತೆಗೆ ಬಂದಳು. "ತಾತ, ನಂಬರ್ ಪ್ಲೇಟಲ್ಲಿ ಕೆಎ ಬದಲು ಎಂವೈ ಅಂತ ಯಾಕಿದೆ?" ಕಾರು 1970ರದು. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಲ್ಲಿವರೆಗೆ ನಾವು ಮೈಸೂರು ರಾಜ್ಯದವರು. ಗೇರ್ ಕೋಲು ಸ್ಟೀರಿಂಗಿನ ಪಕ್ಕದಲ್ಲೇ ಇರುವುದು ಅವಳಿಗೆ ಇನ್ನೂ ದೊಡ್ಡ ಸೋಜಿಗ. ಮುಂದಿನ ಸೀಟು ಬೆಂಚಿನಂತೆ ಒಂದೇ ಉದ್ದಕ್ಕಿತ್ತು. ಅಪ್ಪನ ಪಕ್ಕ ನಾನೂ ತಮ್ಮನೂ ಅಲ್ಲೇ ಕಿತ್ತಾಡುತ್ತಿದ್ದೆವು.

1089 ಸಿಸಿ ಎಂಜಿನ್ ತುಕ್ಕಿನಿಂದ ಬಿಗಿದುಕೊಂಡಿತ್ತು. ವಿಜಯನಗರದಿಂದ ಬಂದ ಮೆಕ್ಯಾನಿಕ್, "ಇದನ್ನ ಬಿಸಾಕಿ ಸಾರ್, ಬೇರೆ ಎಂಜಿನ್ ಕೂರಿಸ್ತೀನಿ, ನಾಲ್ಕೇ ದಿನ" ಎಂದರು. ಆಸೆಯಾಯಿತು. ಆದರೆ ಆಮೇಲೆ ಅಪ್ಪನದೆಂದು ಉಳಿಯುವುದು ತಗಡು ಮಾತ್ರ. ಅಲ್ಲದೆ 50 ವರ್ಷ ದಾಟಿದ ಗಾಡಿಗಳ ವಿಂಟೇಜ್ ನೋಂದಣಿಗೆ 2021ರಲ್ಲಿ ಬಂದ ನಿಯಮವೂ ಮೂಲರೂಪ ಕೆಡಬಾರದು ಎನ್ನುತ್ತದೆ. ಬೇಡವೆಂದೆ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಡೀಸೆಲ್, ಎಂಜಿನ್ ಆಯಿಲ್ ಬೆರೆಸಿ ಒಂದೆರಡು ಚಮಚ ಬಿಟ್ಟೆವು. ಎಣ್ಣೆ ಪಿಸ್ಟನ್ ಸಂದಿಗೆ ನಿಧಾನವಾಗಿ ಇಳಿದು ತುಕ್ಕು ಸಡಿಲಿಸಬೇಕು. ದಿನಾ ಸಂಜೆ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆತ್ತಗೆ ಒತ್ತುವುದು. ಜೋರು ಮಾಡಿದರೆ ರಿಂಗು ಮುರಿದೀತು. ಒಂದು ವಾರ, ಎರಡು ವಾರ, ಅಲುಗಲಿಲ್ಲ. ಮಗ ನೋಡಿ ಸುಮ್ಮನೆ ಹೋಗುತ್ತಿದ್ದ. ಹತ್ತೊಂಬತ್ತನೇ ದಿನ ಮೊಮ್ಮಗಳು ಕಿರುಚಿದಳು, "ತಾತ, ತಿರುಗ್ತು!" ಅರ್ಧ ಇಂಚು ಇರಬಹುದು, ಅಷ್ಟೇ.

ಮುಂದಿನದು ತಾಳ್ಮೆಯ ಕೆಲಸ. ಟ್ಯಾಂಕಿನ ಪೆಟ್ರೋಲು ಅಂಟಾಗಿ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆವು. ಬಿಡಿಭಾಗ ಸಿಗಲಾರದೆಂದು ಹೆದರಿದ್ದೆ, ಜೆ.ಸಿ. ರಸ್ತೆಯಲ್ಲಿ ಬಹುಪಾಲು ಸಿಕ್ಕಿದವು. ಇದೇ ಕಾರು ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಮುಂಬೈಯ ಕುರ್ಲಾದಲ್ಲಿ ತಯಾರಾಯಿತಲ್ಲ! ಅಲ್ಲಿನ ಕಪ್ಪು-ಹಳದಿ ಟ್ಯಾಕ್ಸಿಗಳು ಒಂದು ಕಾಲಕ್ಕೆ ಇವೇ ಆಗಿದ್ದವು. ಬ್ರೇಕನ್ನು ಮಾತ್ರ ನಾವು ಮುಟ್ಟಲಿಲ್ಲ, ಅದೇ ಮೆಕ್ಯಾನಿಕ್ಕಿಗೆ ಬಿಟ್ಟೆವು. ಪ್ರಾಣದ ವಿಷಯದಲ್ಲಿ ಹವ್ಯಾಸ ಸಲ್ಲದು.

ಮೂರು ತಿಂಗಳಿಗೆ ಎರಡು ದಿನ ಬಾಕಿ. ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದೆ. ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು. ಐದನೇ ಸಲ ಶೆಡ್ಡೆಲ್ಲ ಬಿಳಿ ಹೊಗೆ ತುಂಬಿಸಿ ಗುಡುಗುಡು ಎಂದಿತು. ಕ್ಲಚ್ ಬಿಟ್ಟೆ, ಇಪ್ಪತ್ತು ಅಡಿ ಉರುಳಿ ಹೊಂಗೆ ಮರದ ಕೆಳಗೆ ನಿಂತಿತು.

ಮಗ ಅಂಗಳದಲ್ಲಿ ನಿಂತು ನೋಡಿದ, ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಹೊಸ ಮನೆಯ ನಕ್ಷೆ ಹರಡಿಕೊಂಡು, "ಅಪ್ಪ, ಅದರ ಉದ್ದ ಎಷ್ಟು?" ಎಂದ.

"ಸುಮಾರು ಹದಿಮೂರು ಅಡಿ" ಎಂದೆ. ಮೊಮ್ಮಗಳು ಆಗಲೇ ಟೇಪು ಹಿಡಿದು ಹೊರಗೆ ಓಡಿದ್ದಳು.