ಏರ್ ರೈಫಲ್ ಬಂದೂಕಲ್ಲ, ಅದರ ಮೂತಿಯ ಕೊಳವೆ ಬಂದೂಕಾಗಬಹುದು

ಬೇಸಿಗೆ ಬಂತೆಂದರೆ ಅಮೆರಿಕದಲ್ಲಿರೋ ನಮ್ಮವರ ಹಿತ್ತಿಲಲ್ಲಿ ಹೀರೇಕಾಯಿ, ಬದನೆ, ಮೆಣಸಿನ ಗಿಡ ಏಳುತ್ತವೆ. ಅದರ ಹಿಂದೆಯೇ ಅಳಿಲು, ಮೊಲಗಳೂ ಬರುತ್ತವೆ. ಬಲೆ ಕಟ್ಟಿ, ಖಾರದಪುಡಿ ಎರಚಿ ಸಾಕಾದ ಮೇಲೆ ಒಂದು ಏರ್ ರೈಫಲ್ ತರಿಸೋಣ ಅನ್ನೋ ಮಾತು ಬರುತ್ತೆ. ಕೊಡಗಿನ ಕಡೆಯವರಿಗಂತೂ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಬೆಳೆದವರು, ಭಾನುವಾರ ಖಾಲಿ ಡಬ್ಬಕ್ಕೆ ಗುರಿ ಇಡೋಕಾದರೂ ಒಂದಿರಲಿ ಅಂತಾರೆ.

ತರಿಸೋದು ಸುಲಭ. ಇಲ್ಲಿನ ಕೇಂದ್ರ ಕಾನೂನಿನಲ್ಲಿ ಫೈರ್‌ಆರ್ಮ್ ಅಂದರೆ ಸಿಡಿಮದ್ದಿನ ಬಲದಿಂದ ಗುಂಡು ಹಾರಿಸುವ ಆಯುಧ. ಏರ್ ರೈಫಲ್ ಗಾಳಿಯ ಒತ್ತಡದಿಂದ ಪೆಲ್ಲೆಟ್ ತಳ್ಳುತ್ತೆ, ಹಾಗಾಗಿ ಅದು ಈ ಲೆಕ್ಕಕ್ಕೆ ಬರೋದಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಪೆಟ್ಟಿಗೆ ನೇರ ಮನೆಬಾಗಿಲಿಗೇ ಬರುತ್ತೆ. ತೊಂದರೆ ಶುರುವಾಗೋದು ಆಮೇಲೆ. ಟೌನ್‌ಹೌಸ್‌ನ ಪಕ್ಕದವರು "ಏನದು ಶಬ್ದ?" ಅಂತ ಬೇಲಿ ಮೇಲಿಂದ ಇಣುಕುತ್ತಾರೆ. ರಾತ್ರಿ ಕೂತು ಫೋನಲ್ಲಿ ಹುಡುಕಿ, ಯಾವುದೋ ಹೊರದೇಶದ ಅಂಗಡಿಯಿಂದ ಒಂದು ಅಗ್ಗದ ಅಲ್ಯೂಮಿನಿಯಂ ಕೊಳವೆ ಆರ್ಡರ್ ಮಾಡಿಬಿಡುತ್ತೇವೆ. ಅದೇ ಸಪ್ರೆಸರ್. ಏರ್‌ಗನ್ ಮಾಡರೇಟರ್ ಅಂತಲೂ ಕರೆಯುತ್ತಾರೆ.

ಈ ಕೊಳವೆಯ ಕಥೆ ಬೇರೆ. ಫೈರ್‌ಆರ್ಮಿನ ಶಬ್ದವನ್ನು ಅಡಗಿಸುವ ಅಥವಾ ತಗ್ಗಿಸುವ ಸಾಧನ ಕಾನೂನಿನಲ್ಲಿ ಸೈಲೆನ್ಸರ್. ಅದನ್ನು ಮಾಡಲೆಂದೇ ಇರುವ ಬಿಡಿಭಾಗವೂ ಸೈಲೆನ್ಸರೇ. ಇನ್ನೂ ವಿಚಿತ್ರ ಅಂದರೆ, ಮನೆಯಲ್ಲಿ ಒಂದೂ ಬಂದೂಕಿಲ್ಲದಿದ್ದರೂ ಸೈಲೆನ್ಸರ್ ತಾನೇ ಒಂದು ಫೈರ್‌ಆರ್ಮ್ ಅನ್ನಿಸಿಕೊಳ್ಳುತ್ತೆ. ಏರ್ ರೈಫಲ್‌ಗೆ ಮಾತ್ರ ಅಂತ ಮಾಡಿದ ಕೊಳವೆಯಾದರೆ ವಾದಕ್ಕೆ ಜಾಗವಿದೆ. ಆದರೆ ಅದನ್ನು ಬಿಚ್ಚಿ ನಿಜವಾದ ಬಂದೂಕಿಗೆ ಕೂರಿಸಿದರೂ ಕೆಲಸ ಮಾಡುತ್ತೆ ಅಂತಾದರೆ, ಬಂದೂಕು ಕಾನೂನು ನೋಡಿಕೊಳ್ಳುವ ಕೇಂದ್ರ ಇಲಾಖೆ ಎಟಿಎಫ್ ಸುಮ್ಮನಿರೋದಿಲ್ಲ.

ಈ ವಾದ ಕೋರ್ಟಿನಲ್ಲಿ ನಡೆದಿದೆ. 2004ರಲ್ಲಿ ಮ್ಯಾಸಚೂಸೆಟ್ಸ್‌ನ ಕ್ರೂಕರ್ ಎಂಬಾತ ಸೈಲೆನ್ಸರ್ ಹಾಕಿದ ಏರ್ ರೈಫಲನ್ನು ಅಂಚೆಯಲ್ಲಿ ಓಹಾಯೋಗೆ ಕಳಿಸಿದ. ಹಳೆಯ ಅಪರಾಧದಿಂದಾಗಿ ಫೈರ್‌ಆರ್ಮ್ ಇಟ್ಟುಕೊಳ್ಳೋ ಹಕ್ಕು ಅವನಿಗೆ ಇರಲಿಲ್ಲ. ಕೊಳವೆಯೇ ಫೈರ್‌ಆರ್ಮ್ ಅಂತ ಸರ್ಕಾರ ಕೇಸು ಹಾಕಿತು, ಶಿಕ್ಷೆಯೂ ಆಯಿತು. ಮೇಲ್ಮನವಿ ಕೋರ್ಟು 2010ರಲ್ಲಿ ಆ ಶಿಕ್ಷೆಯನ್ನು ರದ್ದು ಮಾಡಿತು. ಬಂದೂಕಿಗೂ ಬಳಸಬಹುದು ಅಂದರೆ ಸಾಲದು, ಅದಕ್ಕಾಗಿಯೇ ಮಾಡಿದ್ದು ಅಂತ ತೋರಿಸಬೇಕು ಅಂದಿತು. ಗೆದ್ದದ್ದು ನಿಜ, ಆದರೆ ಆರು ವರ್ಷ ಹಿಡಿಯಿತು. ಆ ತೀರ್ಪು ಕಟ್ಟಿಹಾಕೋದೂ ಈಶಾನ್ಯದ ನಾಲ್ಕು ರಾಜ್ಯ ಮತ್ತು ಪೋರ್ಟೊರಿಕೊದ ಕೋರ್ಟುಗಳನ್ನು ಮಾತ್ರ. ಟೆಕ್ಸಾಸ್‌ನಲ್ಲೋ ಜಾರ್ಜಿಯಾದಲ್ಲೋ ಇರುವವರು ಅದನ್ನೇ ನಂಬಿ ಕೂರೋ ಹಾಗಿಲ್ಲ.

ಕ್ರೂಕರ್‌ಗೆ ಅಡ್ಡಿಯಾದದ್ದು ಹಳೆಯ ಅಪರಾಧ. ನಮಗೆ ಅಡ್ಡಿಯಾಗೋದು ವೀಸಾ. ಎಚ್-1ಬಿ, ಎಲ್-1, ಎಚ್-4, ಎಫ್-1 ಇವೆಲ್ಲ ನಾನ್-ಇಮಿಗ್ರಂಟ್ ವೀಸಾಗಳು. ಇವುಗಳ ಮೇಲೆ ಬಂದವರು ಫೈರ್‌ಆರ್ಮ್ ಇಟ್ಟುಕೊಳ್ಳೋದೇ ಕೇಂದ್ರ ಕಾನೂನಿನಲ್ಲಿ ಅಪರಾಧ, ರಾಜ್ಯದ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ. ಶಿಕ್ಷೆ 15 ವರ್ಷದವರೆಗೆ. ನೋಂದಣಿ ಇಲ್ಲದ ಸೈಲೆನ್ಸರ್ ಇಟ್ಟುಕೊಂಡದ್ದಕ್ಕೆ ಬೇರೆ ಕಾನೂನಿನಡಿ ಇನ್ನೂ 10 ವರ್ಷದವರೆಗೆ. ಗ್ರೀನ್ ಕಾರ್ಡ್ ಇದೆ, ನಮಗೇನು ಅನ್ನುವವರಿಗೂ ಒಂದು ಮಾತು: ಬಂದೂಕು ಇಟ್ಟುಕೊಳ್ಳೋಕೆ ನಿಮಗೆ ತಡೆಯಿಲ್ಲ, ಆದರೆ ಫೈರ್‌ಆರ್ಮ್ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಹತ್ತು ವರ್ಷ ಕ್ಯೂನಲ್ಲಿ ನಿಂತು ಪಡೆದ ಕಾರ್ಡು ಒಂದು ಅಳಿಲಿನ ಜಗಳಕ್ಕೆ ಹೋಯಿತು ಅಂದರೆ ಊರಲ್ಲಿ ಯಾರೂ ನಂಬಲಿಕ್ಕಿಲ್ಲ.

"ಸೈಲೆನ್ಸರ್ ಫ್ರೀ ಆಯ್ತಂತೆ" ಅನ್ನೋ ಸುದ್ದಿ ವಾಟ್ಸ್ಯಾಪ್‌ನಲ್ಲಿ ಓಡಾಡ್ತಿದ್ದರೆ ಅರ್ಧ ಮಾತ್ರ ನಿಜ. 1934ರಿಂದ ಇದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆ ಆಗಿದೆ. ಅರ್ಜಿ, ಬೆರಳಚ್ಚು, ಫೋಟೋ, ನೋಂದಣಿ ಎಲ್ಲ ಹಾಗೇ ಇದೆ. ಅದೇ ರೀತಿ ಸಾಲ್ವೆಂಟ್ ಟ್ರ್ಯಾಪ್ ಅಂತ ಬಂದೂಕು ಶುಚಿ ಮಾಡೋ ಹೆಸರಲ್ಲಿ ಮಾರುವ ಕಿಟ್‌ಗಳಿವೆ. ಅವುಗಳಲ್ಲಿ ಹಲವನ್ನು ಎಟಿಎಫ್ ಸೈಲೆನ್ಸರ್ ಅಂತಲೇ ಪರಿಗಣಿಸುತ್ತೆ, ಕೊಂಡವರ ಮನೆ ಹುಡುಕಿಕೊಂಡು ಹೋದದ್ದೂ ಇದೆ. ಹೆಸರು ನೋಡಿ ಮೋಸಹೋಗಬೇಡಿ.

ರಾಜ್ಯದ ಕಾನೂನು ಇದರ ಮೇಲೆ ಇನ್ನೊಂದು ಪದರ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಮ್ಯಾಸಚೂಸೆಟ್ಸ್‌ನಂಥ ಕಡೆ ಸಾಮಾನ್ಯ ಜನರಿಗೆ ಸೈಲೆನ್ಸರ್ ನಿಷಿದ್ಧ. ನ್ಯೂಜೆರ್ಸಿಯಲ್ಲಂತೂ ಏರ್ ರೈಫಲ್ ಕೂಡ ಫೈರ್‌ಆರ್ಮೇ, ಕೊಳ್ಳೋಕೆ ಗುರುತಿನ ಕಾರ್ಡು ಬೇಕು. ಎಡಿಸನ್ ಕಡೆಯವರು ಟೆಕ್ಸಾಸ್ ಗೆಳೆಯರ ಸಲಹೆ ಕೇಳೋದು ಬೇಡ. ಅಳಿಲು ಹೊಡೆಯಬಹುದಾ, ಊರಿನ ಮಿತಿಯೊಳಗೆ ಏರ್‌ಗನ್ ಹಾರಿಸಬಹುದಾ ಅನ್ನೋದನ್ನು ನಿಮ್ಮ ನಗರಸಭೆ ಮತ್ತು ವನ್ಯಜೀವಿ ಇಲಾಖೆಯ ನಿಯಮದಲ್ಲಿ ನೋಡಿಕೊಳ್ಳಿ.

ಶಬ್ದವೇ ಸಮಸ್ಯೆ ಆದರೆ ಕೊಳವೆ ಇಲ್ಲದೆಯೂ ದಾರಿ ಇದೆ. ಕಡಿಮೆ ಶಕ್ತಿಯ ರೈಫಲ್ ತಗೊಳ್ಳಿ, ಭಾರದ ಪೆಲ್ಲೆಟ್ ಹಾಕಿ. ಪೆಲ್ಲೆಟ್‌ನ ವೇಗ ಶಬ್ದದ ವೇಗ ದಾಟದಿದ್ದರೆ, ಅಂದರೆ ಸೆಕೆಂಡಿಗೆ ಸುಮಾರು 1,100 ಅಡಿ, ಆ ಚಟಾರ್ ಅನ್ನೋ ಸದ್ದು ಬರೋದಿಲ್ಲ. ಶಬ್ದ ತಗ್ಗಿಸೋ ಭಾಗ ಬ್ಯಾರಲ್‌ಗೇ ಸೇರಿ, ಮುರಿಯದೆ ಬಿಚ್ಚಲಾಗದಂತೆ ಕಾರ್ಖಾನೆಯಿಂದ ಬರುವ ಮಾದರಿಗಳನ್ನು ಇಲ್ಲಿನ ಅಂಗಡಿಗಳು ಮಾರುತ್ತವೆ. ಕೆಲವು ರಾಜ್ಯಗಳಿಗೆ ಅಂಗಡಿಯವರೇ ಅವನ್ನು ಕಳಿಸೋದಿಲ್ಲ, ಅದೂ ಒಂದು ಸೂಚನೆ ಅಂದುಕೊಳ್ಳಿ. ಕೊಂಡದ್ದಕ್ಕೆ ನೀವೇ ತಿರುಪು ಕೊರೆಯೋದು, ಅಡಾಪ್ಟರ್ ಹಾಕೋದು ಮಾತ್ರ ಬೇಡ.

ಈಗಾಗಲೇ ಬಿಡಿ ಕೊಳವೆ ಮನೆಗೆ ಬಂದಿದ್ದರೆ ಗಾಬರಿಯಲ್ಲಿ ಇನ್ನೊಬ್ಬರಿಗೆ ಮಾರಬೇಡಿ, ಅಂಚೆಗೆ ಹಾಕಬೇಡಿ, ಕಾರಲ್ಲಿಟ್ಟು ಪಕ್ಕದ ರಾಜ್ಯಕ್ಕೆ ಒಯ್ಯಬೇಡಿ, ಫೋಟೋ ತೆಗೆದು ಗ್ರೂಪಿಗೆ ಹಾಕಿ "ಇದು ಓಕೆನಾ" ಅಂತ ಕೇಳಬೇಡಿ. ಯಾರಾದರೂ ಬಂದು ಬಾಗಿಲು ಬಡಿಯೋ ಮೊದಲೇ ಬಂದೂಕು ಕಾನೂನು ಗೊತ್ತಿರುವ ಕ್ರಿಮಿನಲ್ ವಕೀಲರಿಗೆ ಫೋನ್ ಮಾಡಿ, ವೀಸಾದ ಮೇಲೆ ಇದ್ದೀವಿ ಅಂತ ಮೊದಲ ಮಾತಿಗೇ ಹೇಳಿ.